ಬರೀ ಹಗ್ಗ ಕಟ್ಟಿ ಎಳೆದರೆ ಸಾಲದಾ?

ಸಾಲದು. ಇಷ್ಟು ಹೇಳಿದರೆ ಯಾರೂ ಬಿಡುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಚಳಿಗಾಲದಲ್ಲಿ ಹಿಮದ ಕಾಡಿಗೆ ಹೋಗುವಾಗ ಟೆಂಟು, ಸ್ಲೀಪಿಂಗ್ ಬ್ಯಾಗು, ಸ್ಟವ್ವು, ಇಂಧನ ಎಲ್ಲವನ್ನೂ ನಾನು ಬೆನ್ನ ಮೇಲೆ ಹೊರುವುದಿಲ್ಲ. ಮಕ್ಕಳು ಹಿಮದಲ್ಲಿ ಜಾರಿ ಆಡುವ ಪ್ಲಾಸ್ಟಿಕ್ ಸ್ಲೆಡ್ಡಿಗೆ (ಚಕ್ರವಿಲ್ಲದ ಜಾರುಬಂಡಿ) ಎರಡು ಉದ್ದನೆಯ ಪಿವಿಸಿ ಪೈಪು ಜೋಡಿಸಿ, ಅವುಗಳ ತುದಿಯನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುತ್ತೇನೆ. ಕಂಡವರೆಲ್ಲ ಕೇಳುವುದು ಒಂದೇ: ‘ಇಷ್ಟೆಲ್ಲ ಯಾಕೆ, ಬರೀ ಹಗ್ಗ ಸಾಲದಾ?’ ಅದು ಪ್ರಶ್ನೆಯೇ ಅಲ್ಲ. ತೀರ್ಪು ಮೊದಲೇ ಆಗಿರುತ್ತದೆ, ನಾನು ತಲೆಯಾಡಿಸಬೇಕು ಅಷ್ಟೆ.

ಒಮ್ಮೆ ಒಬ್ಬರು ಹೀಗೇ ಕೇಳಿ, ಉತ್ತರಕ್ಕೂ ಕಾಯದೆ ತಮ್ಮ ಹಗ್ಗದ ಸ್ಲೆಡ್ ಎಳೆದುಕೊಂಡು ಮುಂದೆ ನಡೆದರು. ಸಮತಟ್ಟಿನಲ್ಲಿ ಚೆನ್ನಾಗಿಯೇ ಹೋಯಿತು. ಮೊದಲ ಇಳಿಜಾರು ಬಂದದ್ದೇ ಸ್ಲೆಡ್ಡಿಗೆ ಅವರಿಗಿಂತ ಅವಸರವಾಯಿತು. ಹಿಮ್ಮಡಿಗೆ ಗುದ್ದಿ, ಅವರನ್ನು ಹಿಮದಲ್ಲಿ ಕೂರಿಸಿ, ಪಕ್ಕದಿಂದ ದಾಟಿಹೋಗಿ, ಹಗ್ಗ ಬಿಗಿಯಾದ ಮೇಲೆ ಅವರನ್ನೂ ಒಂದಷ್ಟು ದೂರ ಎಳೆದುಕೊಂಡು ಹೋಯಿತು. ನಾನೇನೂ ಅನ್ನಲಿಲ್ಲ. ಬಹಳ ಕಷ್ಟಪಟ್ಟು ಅನ್ನಲಿಲ್ಲ.

ಹಗ್ಗಕ್ಕೆ ಎಳೆಯಲು ಬರುತ್ತದೆ, ತಡೆಯಲು ಬರುವುದಿಲ್ಲ. ಪೈಪಿಗೆ ಎರಡೂ ಬರುತ್ತದೆ.

‘ರೆಡಿಮೇಡ್ ಸಿಗುತ್ತಲ್ಲ’ ಅನ್ನುವವರಿಗೆ: ಸಿಗುತ್ತದೆ, ತಗೊಳ್ಳಿ.

ಯಾರಾದರೂ ‘ಪೈಪುಗಳನ್ನು ಗುಣಾಕಾರದ ಚಿಹ್ನೆಯಂತೆ ಅಡ್ಡಹಾಯಿಸಿದ್ದೀಯಲ್ಲ, ಯಾಕೆ?’ ಎಂದು ಕೇಳಿದ್ದರೆ ಅಲ್ಲೇ ಟೀ ಕಾಯಿಸಿ ಕೊಟ್ಟು ಹೇಳುತ್ತಿದ್ದೆ. ಸ್ಲೆಡ್ಡಿನ ಎಡಮೂಲೆಯ ಪೈಪು ನನ್ನ ಬಲಸೊಂಟಕ್ಕೆ, ಬಲಮೂಲೆಯದು ಎಡಸೊಂಟಕ್ಕೆ. ಹೀಗಿದ್ದರೆ ತಿರುವಿನಲ್ಲಿ ಸ್ಲೆಡ್ ಒಳದಾರಿ ಹಿಡಿದು ಮರಕ್ಕೆ ಗುದ್ದದೆ ಹೆಚ್ಚುಕಡಿಮೆ ನನ್ನ ಜಾಡಿನಲ್ಲೇ ಬರುತ್ತದೆ. ಪೈಪಿನೊಳಗೆ ಉದ್ದಕ್ಕೂ ಹಗ್ಗ ಪೋಣಿಸಿದ್ದೇನೆ (ಹೌದು, ಹಗ್ಗ!). ಪಿವಿಸಿ ಚಳಿಗೆ ಪೆಡಸಾಗಿ ಸೀಳುವುದುಂಟು. ಆಗ ಬಂಡಿ ಕಳಚಿಕೊಂಡು ಹೋಗದಂತೆ ಈ ಹಗ್ಗ ಹಿಡಿದುಕೊಳ್ಳುತ್ತದೆ. ತೆಳು ಪ್ಲಾಸ್ಟಿಕ್ಕಿಗೆ ಸುಮ್ಮನೆ ತೂತು ಕೊರೆದು ಕಟ್ಟಿದರೆ ತೂತು ಹರಿದು ಅಗಲವಾಗುತ್ತದೆ, ಆದ್ದರಿಂದ ಒಳಗೂ ಹೊರಗೂ ಅಗಲವಾದ ವಾಷರ್. ಗುಡ್ಡದ ಓರೆಯಲ್ಲಿ ಕೆಳಗೆ ಜಾರದಿರಲು ಹಿಂಭಾಗದ ತಳದಲ್ಲಿ ಎರಡು ತುಂಡು ಅಲ್ಯೂಮಿನಿಯಂ ಆಂಗಲ್ (L ಆಕಾರದ ಪಟ್ಟಿ). ಭಾರದ ಸಾಮಾನು ತಳಕ್ಕೆ, ಮಧ್ಯದಿಂದ ಕೊಂಚ ಹಿಂದಕ್ಕೆ. ಇಲ್ಲವಾದರೆ ಮೂತಿ ಹಿಮದಲ್ಲಿ ಹೂಳುತ್ತದೆ. ಇಂಧನದ ಬಾಟಲಿ ಮಾತ್ರ ಊಟದ ಚೀಲದ ಹತ್ತಿರ ಬೇಡ.

ಇಷ್ಟಾದರೂ ಎಲ್ಲ ದಿನವೂ ಸಲೀಸಲ್ಲ. ಚಳಿ ತೀರಾ ಹೆಚ್ಚಾದಾಗ ತಿಕ್ಕಾಟಕ್ಕೆ ಹಿಮ ಕರಗಿ ನೀರಿನ ತೆಳುಪದರ ಕಟ್ಟುವುದಿಲ್ಲ, ಸ್ಲೆಡ್ ಜಾರುವುದಿಲ್ಲ. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಬ್ರಿಟಿಷ್ ಅನ್ವೇಷಕ ರಾಬರ್ಟ್ ಸ್ಕಾಟ್ ತಮ್ಮ ದಿನಚರಿಯಲ್ಲಿ ಇದನ್ನು ಮರುಭೂಮಿಯ ಮರಳಿನ ಮೇಲೆ ಎಳೆಯುವುದಕ್ಕೆ ಹೋಲಿಸಿದ್ದರು. ಅಂಥ ದಿನ ಪೈಪೂ ಒಂದೇ, ಹಗ್ಗವೂ ಒಂದೇ; ಸಾಮಾನು ಕಡಿಮೆ ಮಾಡಬೇಕು, ಬೇಗ ಟೆಂಟು ಹಾಕಬೇಕು.

ಹಗ್ಗವೇ ಆಗಬೇಕು ಅನ್ನುವವರು ಸ್ಲೆಡ್ಡಿನ ಹಿಂದೆಯೂ ಒಂದು ಕಟ್ಟಿ, ಇಳಿಜಾರಿನಲ್ಲಿ ಅದನ್ನು ಹಿಂದಕ್ಕೆ ಜಗ್ಗಿ ಹಿಡಿಯಲು ಒಬ್ಬರನ್ನು ಕರೆದುಕೊಂಡು ಹೋಗಿ. ನನ್ನನ್ನು ಕರೆಯಬೇಡಿ.