ಅಭ್ಯರ್ಥಿಯ ನಡತೆಗೆ ಅಯೋವಾದಲ್ಲಿ ಎಷ್ಟು ಬೆಲೆ?

"ಅಷ್ಟೊಂದು ದೈವಭಕ್ತ ಜನ ಟ್ರಂಪ್‌ಗೆ ಹೇಗೆ ಓಟು ಹಾಕ್ತಾರೆ?" ಫೋನ್ ಮಾಡಿದವರೆಲ್ಲ ಇದನ್ನೇ ಕೇಳುತ್ತೀರಿ. ನಾನಿರುವ ಅಮೆರಿಕದ ಅಯೋವಾ ರಾಜ್ಯದಲ್ಲೇ ಇದಕ್ಕೆ ಉತ್ತರ ಸಿಗುತ್ತದೆ. ರಿಪಬ್ಲಿಕನ್ ಪಕ್ಷ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಲು ಶುರು ಮಾಡುವುದೇ ಇಲ್ಲಿಂದ.

ಅದಕ್ಕೆ ಕಾಕಸ್ ಅಂತಾರೆ. ಶಾಲೆಯಲ್ಲೋ ಚರ್ಚಿನಲ್ಲೋ ಜನ ಸೇರುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಯ ಪರವಾಗಿ ಯಾರಾದರೂ ಎದ್ದು ಒಂದೆರಡು ನಿಮಿಷ ಮಾತಾಡುತ್ತಾರೆ. ಆಮೇಲೆ ಚೀಟಿಯಲ್ಲಿ ಹೆಸರು ಬರೆದು ಹಾಕುವುದು. ಎಣಿಕೆ ಅಲ್ಲೇ, ಎಲ್ಲರ ಕಣ್ಣೆದುರೇ. 2024ರ ಜನವರಿ 15ರ ರಾತ್ರಿ, ಮೈ ಕೊರೆಯುವ ಚಳಿಯಲ್ಲಿ, ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ನನಗೆ ಇಲ್ಲಿ ಓಟಿಲ್ಲ, ಸುಮ್ನೆ ನೋಡಲು. ಟ್ರಂಪ್ ಪರ ಮಾತಾಡಿದವರು ವಯಸ್ಸಾದ ಒಬ್ಬ ರೈತರು. ಗಡಿ, ಡೀಸೆಲ್ ಬೆಲೆ, ಸುಪ್ರೀಂ ಕೋರ್ಟಿಗೆ ಟ್ರಂಪ್ ನೇಮಿಸಿದ ಮೂವರು ನ್ಯಾಯಮೂರ್ತಿಗಳು. "ಹೇಳಿದ್ದನ್ನು ಮಾಡಿದರು" ಅಂದು ಕೂತರು. ನಡತೆಯ ಸುದ್ದಿಯೇ ಬರಲಿಲ್ಲ. ಅವತ್ತು ರಾಜ್ಯದಲ್ಲಿ ಟ್ರಂಪ್‌ಗೆ ಶೇ. 51 ಓಟು ಬಿತ್ತು.

ಇದೇ ಅಯೋವಾ 2008ರಲ್ಲಿ ಹಿಂದೆ ಪಾದ್ರಿಯಾಗಿದ್ದ ಮೈಕ್ ಹಕಬಿಯನ್ನು ಗೆಲ್ಲಿಸಿತ್ತು. 1998ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಲೈಂಗಿಕ ಹಗರಣದ ಹೊತ್ತಿಗೆ, ನಾಯಕರ ನಡತೆ ಶುದ್ಧವಾಗಿರಬೇಕು ಅಂತ ಸದರ್ನ್ ಬ್ಯಾಪ್ಟಿಸ್ಟರು ಅನ್ನುವ ದೊಡ್ಡ ಪ್ರೊಟೆಸ್ಟಂಟ್ ಕ್ರೈಸ್ತ ಪಂಗಡದವರು ನಿರ್ಣಯವನ್ನೇ ಮಾಡಿದ್ದರು. ಖಾಸಗಿ ಬದುಕಿನಲ್ಲಿ ತಪ್ಪಿದವರೂ ಅಧಿಕಾರದಲ್ಲಿ ಸರಿಯಾಗಿ ನಡೆದುಕೊಳ್ಳಬಹುದು ಅಂತ 2011ರ ಸಮೀಕ್ಷೆಯಲ್ಲಿ ಹೇಳಿದ ಬಿಳಿಯ ಇವ್ಯಾಂಜೆಲಿಕಲ್ಲರು, ಅಂದರೆ ಬೈಬಲ್ಲನ್ನೇ ಗಟ್ಟಿಯಾಗಿ ನಂಬುವ ಪ್ರೊಟೆಸ್ಟಂಟರು, ಶೇ. 30 ಮಾತ್ರ. 2016ರಲ್ಲಿ ಶೇ. 72! ಐದೇ ವರ್ಷ.

ಆದರೂ ಇವರನ್ನು ಬೂಟಾಟಿಕೆಯವರು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1980ರ ಅಧ್ಯಕ್ಷ ಚುನಾವಣೆಯಲ್ಲೂ ಇವರಲ್ಲಿ ಜಾಸ್ತಿ ಜನ ಭಾನುವಾರ ಬೈಬಲ್ ಪಾಠ ಹೇಳುತ್ತಿದ್ದ ಕಾರ್ಟರ್ ಅವರನ್ನು ಬಿಟ್ಟು, ವಿಚ್ಛೇದನವಾಗಿದ್ದ ರೇಗನ್ ಕಡೆ ಹೋದರು. 2016ರಲ್ಲಿ ಟ್ರಂಪ್, ನ್ಯಾಯಮೂರ್ತಿಗಳ ಹೆಸರಿನ ಪಟ್ಟಿಯನ್ನೇ ಮೊದಲೇ ಕೊಟ್ಟರು. ಗರ್ಭಪಾತಕ್ಕೆ ಹಕ್ಕು ಕೊಟ್ಟಿದ್ದ 1973ರ ತೀರ್ಪು, ಅವರು ನೇಮಿಸಿದ ಮೂವರೂ ಇದ್ದ ಸುಪ್ರೀಂ ಕೋರ್ಟಿನಲ್ಲಿ, 2022ರ ಜೂನ್‌ನಲ್ಲಿ ರದ್ದಾಯಿತು. ಅದಕ್ಕಾಗಿ 49 ವರ್ಷ ಕಾದವರಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದೇ ಗುಣ ಅನಿಸಿದರೆ ಆಶ್ಚರ್ಯವೇನಿದೆ?

ಆದರೆ ಪಟ್ಟಿಯಲ್ಲಿ ಇಲ್ಲದ ದಿನವೂ ಬರುತ್ತದಲ್ವಾ? 2021ರ ಜನವರಿ 6 ಅಂಥ ದಿನ. ತಾವು ಸೋತ ಚುನಾವಣೆಯಲ್ಲಿ ಕೆಲವು ರಾಜ್ಯಗಳಿಂದ ಬಂದ ಮತಗಳನ್ನು ತಳ್ಳಿಹಾಕಿ ಅಂತ ಟ್ರಂಪ್ ತಮ್ಮ ಉಪಾಧ್ಯಕ್ಷ ಮೈಕ್ ಪೆನ್ಸ್ ಅವರನ್ನು ಒತ್ತಾಯಿಸಿದರು. ಪೆನ್ಸ್ ಆಗಲ್ಲ ಅಂದರು. ಗರ್ಭಪಾತ, ತೆರಿಗೆ, ನ್ಯಾಯಮೂರ್ತಿಗಳು, ಎಲ್ಲದರಲ್ಲೂ ಇಬ್ಬರದೂ ಒಂದೇ ದಾರಿಯಾಗಿತ್ತು. ಅವತ್ತು ಇಬ್ಬರನ್ನು ಬೇರೆ ಮಾಡಿದ್ದು ನಡತೆಯೇ. ಅದಕ್ಕೇ ನನಗೆ ನಡತೆ ಮೊದಲು, ಪಟ್ಟಿ ಆಮೇಲೆ. ಆಮೇಲೆ ತಾವೇ ಅಧ್ಯಕ್ಷ ಅಭ್ಯರ್ಥಿಯಾಗಲು ಅಯೋವಾದಲ್ಲಿ ಊರೂರು ತಿರುಗಿದ ಪೆನ್ಸ್‌ಗೆ ಬೆಂಬಲವೇ ಹುಟ್ಟಲಿಲ್ಲ. 2023ರ ಅಕ್ಟೋಬರ್‌ನಲ್ಲೇ ಕಣದಿಂದ ಹಿಂದೆ ಸರಿದರು.

ಕಾಕಸ್ ಮುಗಿದ ಮೇಲೆ ಆ ರೈತರ ಹತ್ತಿರ ಪೆನ್ಸ್ ಬಗ್ಗೆ ಕೇಳಿದೆ. "ತುಂಬಾ ಒಳ್ಳೆಯವರು. ಆದರೆ ಹೋರಾಡುವವರಲ್ಲ" ಅಂದರು. ಅಧ್ಯಕ್ಷರ ಎದುರೇ ನಿಂತು ಆಗಲ್ಲ ಅಂದಿದ್ದು ಹೋರಾಟ ಅಲ್ಲವೇ ಅಂತ ಕೇಳಿದೆ. ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ.