ಚಳಿಗೆ ಸಿಕ್ಕ ಪಿವಿಸಿ ಮತ್ತು ಆಲೂಗಡ್ಡೆ ಗನ್

ಅಕ್ಕನ ಮಗನಿಗೆ 17 ವರ್ಷ. ಗೆಳೆಯರ ಜೊತೆ ಸೇರಿ ಪಿವಿಸಿ ಪೈಪಿನಲ್ಲಿ ಆಲೂಗಡ್ಡೆ ಗನ್ ಮಾಡಿದ್ದ. ಪೈಪಿನ ಬಾಯಿಗೆ ಆಲೂಗಡ್ಡೆ ತುರುಕಿ, ಹಿಂದೆ ಉರಿಯುವ ಅನಿಲ ತುಂಬಿ ಕಿಡಿ ಕೊಟ್ಟರೆ ಆಲೂಗಡ್ಡೆ ದೂರಕ್ಕೆ ಹಾರುತ್ತದೆ. ಬೇಸಿಗೆಯಲ್ಲಿ ಬಯಲಿಗೆ ಹೋಗಿ ಹಾರಿಸಿದ್ದರು, ಏನೂ ಆಗಿರಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಅದನ್ನೇ ಹೆಗಲ ಮೇಲೆ ಇಟ್ಟುಕೊಂಡು ಬಂದ. ರಾತ್ರಿಯೆಲ್ಲ ಶೆಡ್ಡಿನಲ್ಲಿ ಬಿದ್ದಿತ್ತಂತೆ. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ.

"ಮಾವ, ಬನ್ನಿ, ಒಂದು ಸಲ ಹಾರಿಸಿ ತೋರಿಸ್ತೀನಿ" ಅಂದ.

"ಇವತ್ತು ಬೇಡ ಕಣೋ" ಅಂದೆ.

ಮುಖ ಸಪ್ಪೆಯಾಯಿತು. ನಾನು ವರ್ಷಗಟ್ಟಲೆ ಪೈಪ್ ಕೆಲಸ ಮಾಡಿದವನು. ಚಳಿಯಲ್ಲಿ ಪಿವಿಸಿ ಹೇಗೆ ಒಡೆಯುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಆದರೆ ಸುಮ್ನೆ ಬೇಡ ಅಂದರೆ ಆ ವಯಸ್ಸಿನ ಹುಡುಗರು ಯಾಕೆ ಕೇಳಬೇಕು? ನಾನಿಲ್ಲದಾಗ ಹಾರಿಸುತ್ತಾರೆ ಅಷ್ಟೇ. ಅವನಿಗೆ ತೋರಿಸಿಬಿಡೋಣ ಅನ್ನಿಸಿತು.

ಅದೇ ಪೈಪಿನ ತುಂಡುಗಳು ಶೆಡ್ಡಿನಲ್ಲೂ ಇದ್ದವು, ಮನೆಯೊಳಗೂ ಇದ್ದವು. ಎರಡು ಕಡೆಯಿಂದಲೂ ಒಂದೊಂದು ತರಿಸಿದೆ. ಇಬ್ಬರೂ ಕಣ್ಣಿಗೆ ಗಾಗಲ್ಸ್ ಹಾಕಿಕೊಂಡೆವು. ಚೂರು ಸಿಡಿಯದ ಹಾಗೆ ತುಂಡುಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಹೊಡೆದೆ. ಮನೆಯೊಳಗಿದ್ದ ತುಂಡಿಗೆ ಏಟಿನ ಗುರುತು ಬಿತ್ತು, ಪೈಪ್ ಹಾಗೇ ಉಳಿಯಿತು. ಶೆಡ್ಡಿನ ತುಂಡು ಬಟ್ಟೆಯೊಳಗೇ ಗಾಜಿನ ಹಾಗೆ ಚೂರುಚೂರಾಯಿತು. ಬಟ್ಟೆ ಬಿಚ್ಚಿದಾಗ ಉದ್ದುದ್ದ ಚೂರುಗಳು. ಒಂದೊಂದರ ಅಂಚೂ ಚಾಕುವಿನಷ್ಟು ಚೂಪು. ಅವನು ಒಂದು ಚೂರನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಪ್ರಶ್ನೆಗಳು ಶುರುವಾದವು. ನನಗೆ ಬೇಕಾಗಿದ್ದೂ ಅದೇ.

"ಚಳಿಯಲ್ಲಿ ಪ್ಲಾಸ್ಟಿಕ್ ಇನ್ನೂ ಗಟ್ಟಿ ಆಗತ್ತಲ್ವಾ ಮಾವ?"

ಆಗುತ್ತದೆ, ನಿಜ. ನಿಧಾನವಾಗಿ ಎಳೆದರೆ ತಣ್ಣಗಿನ ಪಿವಿಸಿ ಸ್ವಲ್ಪ ಜಾಸ್ತಿಯೇ ತಾಳುತ್ತದೆ. ಆದರೆ ಥಟ್ಟನೆ ಬೀಳುವ ಏಟನ್ನು ತಾಳುವ ಶಕ್ತಿ ಕಡಿಮೆಯಾಗುತ್ತದೆ. ಗನ್ನಿನ ಒಳಗೆ ಆಗುವುದು ಅಂಥ ಏಟೇ. ಅನಿಲಕ್ಕೆ ಕಿಡಿ ಹತ್ತಿದ ಕೂಡಲೇ ಒತ್ತಡ ಒಮ್ಮೆಲೇ ಏರುತ್ತದೆ. ಬೆಚ್ಚಗಿದ್ದಾಗ ಪೈಪ್ ಸ್ವಲ್ಪವಾದರೂ ಬಾಗಿ, ಹಿಗ್ಗಿ ಅದನ್ನು ನುಂಗಬಹುದು. ತಣ್ಣಗಿದ್ದಾಗ ಸಣ್ಣ ಗೀರು ಸಾಕು, ಬಿರುಕು ಅಲ್ಲಿಂದಲೇ ಓಡುತ್ತದೆ. ಉಬ್ಬಿಯೋ ಸೋರಿಯೋ ಮುನ್ಸೂಚನೆ ಕೊಡುವುದಿಲ್ಲ. ನಾನು ಹೆದರುವುದು ಅದಕ್ಕೇ.

"ಪೈಪ್ ಮೇಲೆ ಪ್ರೆಶರ್ ಬರೆದಿದೆಯಲ್ಲ?"

ಒಳ್ಳೆಯ ಪ್ರಶ್ನೆ, ಬಹಳ ಜನ ನಂಬಿ ಕೂರುವುದು ಆ ಅಂಕಿಯನ್ನೇ. ಅದು ನೀರಿಗೆ ಕೊಟ್ಟ ಅಂಕಿ. ಅದೂ 20ರಿಂದ 27 ಡಿಗ್ರಿಯ ಆಸುಪಾಸಿನಲ್ಲಿ ಲೆಕ್ಕ ಹಾಕಿದ್ದು. ನೀರು ಒತ್ತಿದರೆ ಕುಗ್ಗುವುದಿಲ್ಲ ಎನ್ನುವಷ್ಟು ಕಡಿಮೆ ಕುಗ್ಗುತ್ತದೆ. ಹಾಗಾಗಿ ಪೈಪ್ ಒಡೆದ ಕ್ಷಣ ಒತ್ತಡ ಬಿದ್ದುಹೋಗುತ್ತದೆ. ಗಾಳಿ ಹಾಗಲ್ಲ. ಒತ್ತಿದಷ್ಟೂ ಶಕ್ತಿ ಒಳಗೇ ಕೂತಿರುತ್ತದೆ, ಒಡೆದಾಗ ಅಷ್ಟನ್ನೂ ಚೂರುಗಳಿಗೆ ಕೊಟ್ಟು ಎಸೆಯುತ್ತದೆ. ಕೆಲಸದ ಜಾಗದಲ್ಲಿ ಒತ್ತಡದ ಗಾಳಿ ಸಾಗಿಸಲು ನೆಲದ ಮೇಲಿನ ಪಿವಿಸಿ ಪೈಪ್ ಬಳಸಬೇಡಿ ಅಂತ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾ 1988ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅದಿರುವುದು ಬರೀ ಗಾಳಿಗೆ. ಇವರದು ಒಳಗೆ ಬೆಂಕಿ ಹೊತ್ತಿಸುವ ಗನ್. ಇನ್ನು ಡ್ರೈನೇಜ್ ಪೈಪ್ ಅಂತೂ ಒತ್ತಡಕ್ಕೆಂದು ಮಾಡಿದ್ದೇ ಅಲ್ಲ.

ಹೇರ್ ಸ್ಪ್ರೇ ವಿಷಯ ನಾನೇ ತೆಗೆದೆ. ಇವರು ಬಳಸುತ್ತಿದ್ದುದು ಅದನ್ನೇ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಬ್ಯೂಟೇನ್, ಪ್ರೊಪೇನ್ ಇರುತ್ತವೆ. ಬ್ಯೂಟೇನ್ ಕುದಿಯುವುದು ಸುಮಾರು ಮೈನಸ್ 0.5 ಡಿಗ್ರಿಯಲ್ಲಿ. ಆ ಚಳಿಯಲ್ಲಿ ಅದು ಸರಿಯಾಗಿ ಆವಿಯಾಗುವುದಿಲ್ಲ. ಕಿಡಿ ಕೊಟ್ಟರೂ ಕೆಲವೊಮ್ಮೆ ಹೊತ್ತುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ: ಇನ್ನಷ್ಟು ಸ್ಪ್ರೇ ಹಾಕುವುದು, ಇಲ್ಲವೇ ಏನಾಯ್ತು ಅಂತ ನಳಿಕೆಯೊಳಗೆ ಇಣುಕುವುದು. ಎರಡೂ ಭಯಂಕರ. ಹೊತ್ತದೇ ಹೋದರೆ ನಳಿಕೆ ಯಾರ ಕಡೆಗೂ ತಿರುಗದಂತೆ ಹಿಡಿದು ಸ್ವಲ್ಪ ಹೊತ್ತು ಕಾಯಬೇಕು. ಆಮೇಲೆ ಹಿಂದಿನ ಮುಚ್ಚಳ ತೆಗೆದು ಗಾಳಿ ಆಡಿಸಬೇಕು. ಮುಖ ಅದರ ಮುಂದೆ ಬರಲೇಬಾರದು. ಹೆಪ್ಪುಗಟ್ಟಿದ ಆಲೂಗಡ್ಡೆಯೂ ಬೇಡ. ಅದು ನಳಿಕೆಯಲ್ಲಿ ಸಿಕ್ಕಿಕೊಂಡರೆ ಒತ್ತಡವೆಲ್ಲ ಹಿಂದಕ್ಕೇ, ಹಾರಿದರೆ ಕಲ್ಲಿನ ಏಟು.

"ಮನೆಯೊಳಗೆ ಇಟ್ಟು ಬೆಚ್ಚಗೆ ಮಾಡಿಕೊಂಡು ಹೋದ್ರೆ?"

ಹೊರಗೆ ಹೋಗಿ ಆಲೂಗಡ್ಡೆ ತುರುಕಿ ಸಿದ್ಧವಾಗುವಷ್ಟರಲ್ಲಿ ಪೈಪ್ ಮತ್ತೆ ತಣ್ಣಗಾಗುತ್ತಾ ಹೋಗಿರುತ್ತದೆ. ಎಷ್ಟು ತಣ್ಣಗಾಯಿತು ಅಂತ ಹೊರಗಿನಿಂದ ತಿಳಿಯುವುದಿಲ್ಲ. ಹಾಗಂತ ಹೀಟರ್ ಮುಂದೆ ಇಡುವುದೂ ಸರಿಯಲ್ಲ. 60 ಡಿಗ್ರಿ ಹತ್ತಿರ ಬಂದರೆ ಪಿವಿಸಿಯ ಒತ್ತಡ ತಾಳುವ ಶಕ್ತಿ ಕಾಲು ಭಾಗಕ್ಕಿಂತ ಕೆಳಗಿಳಿಯುತ್ತದೆ. ಜಾಯಿಂಟಿನ ಕಥೆಯೂ ಇದೆ. ಪೈಪ್ ಅಂಟಿಸಲು ಚಳಿಯಲ್ಲಿ ಹಚ್ಚಿದ ಸೊಲ್ಯೂಷನ್ ಒಣಗಲು ಬಹಳ ಜಾಸ್ತಿ ಸಮಯ ಬೇಕು. ಮೇಲೆ ಗಟ್ಟಿ ಕಂಡರೂ ಒಳಗೆ ಹಸಿಯಾಗಿರಬಹುದು.

ಎಬಿಎಸ್ ಅನ್ನುವ ಇನ್ನೊಂದು ಬಗೆಯ ಪ್ಲಾಸ್ಟಿಕ್ ಪೈಪ್ ಆದರೆ ಹೇಗೆ ಅಂತಲೂ ಕೇಳಿದ. ಚಳಿಯ ಏಟನ್ನು ಎಬಿಎಸ್ ಪಿವಿಸಿಗಿಂತ ಚೆನ್ನಾಗಿ ತಾಳುತ್ತದೆ, ಅದನ್ನು ಮುಚ್ಚಿಡಲಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಎಬಿಎಸ್ ಪೈಪ್ ಕೂಡ ಕೊಳಚೆ ನೀರು ಹರಿಯಲು ಮಾಡಿದ್ದು. ನನ್ನ ಅಭಿಪ್ರಾಯ ಕೇಳಿದರೆ, ಪ್ಲಾಸ್ಟಿಕ್ ಗನ್ನನ್ನು ಯಾವ ಕಾಲದಲ್ಲೂ ಹೆಗಲಿಗಿಟ್ಟು ಕೆನ್ನೆಗೆ ತಾಗಿಸಿ ಹಾರಿಸಬಾರದು. ನೆಲಕ್ಕೆ ಭದ್ರವಾಗಿ ಕಟ್ಟಿ, ದಪ್ಪ ಹಲಗೆಯ ಹಿಂದೆ ನಿಂತು, ದೂರದಿಂದ ಕಿಡಿ ಕೊಡಬೇಕು. ಕಣ್ಣಿಗೂ ಕಿವಿಗೂ ರಕ್ಷಣೆ ಬೇಕು. ಕೆಲವು ಕಡೆ ಇದನ್ನು ಬಂದೂಕಿನ ಕಾನೂನಿನಡಿ ತರುತ್ತಾರೆ, ಅದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಸೊನ್ನೆಯ ಹತ್ತಿರದ ಚಳಿಯಲ್ಲಂತೂ ಮುಟ್ಟಲೇಬಾರದು.

ಕೊನೆಗೆ ಗನ್ನನ್ನು ಬೆಳಕಿಗೆ ಹಿಡಿದು ನೋಡಿದೆವು. ಬೇಸಿಗೆಯೆಲ್ಲ ಬಿಸಿಲಲ್ಲಿ ಬಿದ್ದು ಒಂದು ಪಕ್ಕ ಬಣ್ಣ ತಿರುಗಿತ್ತು. ಮುಚ್ಚಳದ ಹತ್ತಿರ ಸಣ್ಣ ಗೀರುಗಳಿದ್ದವು. ಬಿಸಿಲು ತಿಂದ ಪಿವಿಸಿ ಚಳಿ ಇಲ್ಲದಿದ್ದರೂ ಬೇಗ ಒಡೆಯುತ್ತದೆ ಅಂದೆ. ಅವನು ಹೆಚ್ಚು ಮಾತಾಡಲಿಲ್ಲ. ಒಳಗೆ ಹೋಗಿ ಹ್ಯಾಕ್ಸಾ ತಂದ. ಇನ್ಯಾರೋ ಎತ್ತಿಕೊಂಡು ಹಾರಿಸಬಾರದು ಅಂತ ನಳಿಕೆಯನ್ನೂ ಹಿಂದಿನ ಭಾಗವನ್ನೂ ಕೊಯ್ದು ತುಂಡು ಮಾಡಿದ. ಆಮೇಲೆ ಗೆಳೆಯರಿಗೆ ಫೋನ್ ಮಾಡಿ, ಅವರ ಹತ್ತಿರ ಇರುವ ಇನ್ನೊಂದು ಗನ್ನನ್ನೂ ಹಾರಿಸಬೇಡಿ ಅಂತ ಕಾರಣ ಸಮೇತ ಹೇಳಿದ.