ಅಳುವ ಮುಖ ಬೇಡ, ಕಾಲಿನ ಹೆಬ್ಬೆರಳು ತೋರಿಸಿ

ಫೆಬ್ರವರಿ ಹತ್ತಿರ ಬಂತೆಂದರೆ ನಮ್ಮ ಎಡಿಟಿಂಗ್ ರೂಮಿನಲ್ಲಿ ಜಗಳ ಶುರು. ಆ ತಿಂಗಳ ಕೊನೆಯ ದಿನ ವಿರಳ ಕಾಯಿಲೆಗಳ ದಿನ. 2008ರಲ್ಲಿ ಯುರೋಪಿನ ರೋಗಿ ಸಂಘಟನೆಗಳ ಒಕ್ಕೂಟವಾದ ಯುರಾರ್ಡಿಸ್ ಅದನ್ನು ಆರಂಭಿಸಿದಾಗ ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ 29ನ್ನೇ ಆರಿಸಿಕೊಂಡಿತ್ತು. ನಮ್ಮ ಸಂಸ್ಥೆಯ ಮುಖ್ಯ ವಿಡಿಯೊ ಅವತ್ತೇ ಹೊರಬರಬೇಕು, ವರ್ಷದ ದೇಣಿಗೆಯ ಗುರಿಯಲ್ಲಿ ದೊಡ್ಡ ಪಾಲನ್ನು ಅದೇ ತಂದುಕೊಡಬೇಕು. ಹಾಗಾಗಿ ಮೊದಲ ಐದು ಸೆಕೆಂಡಿನಲ್ಲಿ ಏನಿರಬೇಕು ಎಂಬುದಕ್ಕೆ ಫಂಡ್‌ರೈಸಿಂಗ್‌ನವರ ಉತ್ತರ ಒಂದು, ವಿಡಿಯೊ ತಂಡದ ಉತ್ತರ ಇನ್ನೊಂದು. ಒಂದು ವರ್ಷ ನಾನು ಹಟ ಹಿಡಿದು ಕೂತೆ.

ನಾವು ಕೆಲಸ ಮಾಡುವುದು ಎಫ್‌ಒಪಿ ಇರುವವರಿಗಾಗಿ. ಪೂರ್ತಿ ಹೆಸರು ಫೈಬ್ರೋಡಿಸ್ಪ್ಲೇಸಿಯಾ ಆಸಿಫಿಕನ್ಸ್ ಪ್ರೊಗ್ರೆಸಿವಾ. ಹತ್ತಿಪ್ಪತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆಯಲ್ಲಿ ಸ್ನಾಯು, ಸ್ನಾಯುರಜ್ಜು ಇರಬೇಕಾದ ಕಡೆ ಮೂಳೆ ಬೆಳೆಯುತ್ತದೆ. ಕುತ್ತಿಗೆ ಬಿಗಿಯುತ್ತದೆ, ಬೆನ್ನು, ಭುಜ, ಸೊಂಟ ಒಂದೊಂದಾಗಿ ಕಟ್ಟಿಕೊಳ್ಳುತ್ತವೆ, ದವಡೆಯೂ ತೆರೆಯದಂತಾಗಬಹುದು. ಬೆಳೆದ ಮೂಳೆಯನ್ನು ಕತ್ತರಿಸಿ ತೆಗೆಯೋಣವೆಂದರೆ ಆ ಗಾಯದಿಂದಲೇ ಮತ್ತಷ್ಟು ಮೂಳೆ ಹುಟ್ಟುತ್ತದೆ. ಒಮ್ಮೆ ಎಡವಿ ಬಿದ್ದದ್ದು, ಸ್ನಾಯುವಿಗೆ ಕೊಟ್ಟ ಒಂದು ಇಂಜೆಕ್ಷನ್, ಪರೀಕ್ಷೆಗೆಂದು ತುಣುಕು ತೆಗೆಯುವ ಒಂದು ಬಯಾಪ್ಸಿ, ಇಷ್ಟರಿಂದಲೇ ಹೊಸ ಬಾವು ಏಳಬಹುದು. ಬಹಳಷ್ಟು ಮಕ್ಕಳಲ್ಲಿ ಮನೆಯವರ ಕಣ್ಣಿಗೆ ಮೊದಲು ಬೀಳುವುದು ಕುತ್ತಿಗೆಯಲ್ಲೋ ಬೆನ್ನಿನಲ್ಲೋ ಎದ್ದ ಗಟ್ಟಿ ಗಂಟು. ಅದನ್ನು ನೋಡಿದ ವೈದ್ಯರಿಗೆ ಕ್ಯಾನ್ಸರಿನ ಅನುಮಾನ ಬರುತ್ತದೆ, ಬಯಾಪ್ಸಿಗೆ ಬರೆಯುತ್ತಾರೆ. 2005ರಲ್ಲಿ ಪ್ರಕಟವಾದ ರೋಗಿಗಳ ಸಮೀಕ್ಷೆಯೊಂದರಲ್ಲಿ ಶೇ 87 ಮಂದಿಗೆ ಮೊದಲು ಬೇರೆಯೇ ಕಾಯಿಲೆಯ ಹೆಸರು ಹೇಳಲಾಗಿತ್ತು. ಶೇ 49 ಮಂದಿ, ದೇಹಕ್ಕೆ ಕತ್ತರಿ ಅಥವಾ ಸೂಜಿ ತಾಗಿದ್ದರಿಂದ ತಮ್ಮ ಚಲನೆ ಶಾಶ್ವತವಾಗಿ ಕುಂಠಿತವಾಯಿತು ಎಂದಿದ್ದರು. ಆ ಎರಡನೆಯ ಸಂಖ್ಯೆಯನ್ನು ಓದಿದಾಗೆಲ್ಲ ನನಗೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಏಕೆಂದರೆ ಗುರುತು ಹುಟ್ಟುವಾಗಲೇ ಇರುತ್ತದೆ. ಕಾಲಿನ ಹೆಬ್ಬೆರಳು ಗಿಡ್ಡವಾಗಿ, ಪಕ್ಕದ ಬೆರಳಿನ ಕಡೆಗೆ ವಾಲಿಕೊಂಡಿರುತ್ತದೆ, ಸಾಮಾನ್ಯವಾಗಿ ಎರಡೂ ಕಾಲಿನಲ್ಲಿ. ಅದನ್ನು ನೋಡಲು ಯಂತ್ರ ಬೇಡ, ಲ್ಯಾಬ್ ಬೇಡ. 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಫ್ರೆಡರಿಕ್ ಕಪ್ಲಾನ್, ಐಲೀನ್ ಶೋರ್ ಅವರ ತಂಡ ಎಸಿವಿಆರ್1 ಜೀನಿನಲ್ಲಿ ಇದರ ಮೂಲವನ್ನು ಪತ್ತೆ ಮಾಡಿದ ಮೇಲೆ ಖಚಿತಪಡಿಸಿಕೊಳ್ಳಲು ಜೀನ್ ಪರೀಕ್ಷೆಯೂ ಇದೆ. ಬೆರಳನ್ನು ಕಂಡು ಹೆಸರು ನೆನಪಾಗಬೇಕು, ಅಷ್ಟೇ. ವಿಡಿಯೊಗಿಂತ ಚೆನ್ನಾಗಿ ಆ ಕೆಲಸ ಮಾಡುವ ಇನ್ನೊಂದು ಸಾಧನ ನನಗೆ ಗೊತ್ತಿಲ್ಲ.

ಆದರೆ ವಿಡಿಯೊ ಹೇಗಿರಬೇಕೆಂದು ನಮಗೆ ಕೊಟ್ಟ ಬ್ರೀಫ್‌ನಲ್ಲಿ ಬೆರಳಿನ ಮಾತೇ ಇರಲಿಲ್ಲ. ತಾಯಿಯೊಬ್ಬರ ಕ್ಲೋಸಪ್, ಪಿಯಾನೊ, ಹನ್ನೆರಡನೇ ಸೆಕೆಂಡಿಗೆ ‘ದೇಣಿಗೆ ಕೊಡಿ’ ಎಂಬ ಕರೆ. ಪ್ರತಿ ಮೀಟಿಂಗಿನಲ್ಲೂ ಯಾರಾದರೊಬ್ಬರು ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ಐಸ್ ಬಕೆಟ್ ಚಾಲೆಂಜ್ ಎತ್ತುತ್ತಾರೆ, ನಮಗೂ ಅಂಥದ್ದೊಂದು ಬೇಕು ಎನ್ನುತ್ತಾರೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. 2014ರ ಆ ಬೇಸಿಗೆಯಲ್ಲಿ ಎಎಲ್‌ಎಸ್ ಎಂಬ ನರಗಳ ಕಾಯಿಲೆಗಾಗಿ ಕೆಲಸ ಮಾಡುವ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ 11.5 ಕೋಟಿ ಡಾಲರ್ ಬಂತು. ಆ ಹಣದ ನೆರವು ಪಡೆದ ಸಂಶೋಧನೆಯಿಂದ 2016ರಲ್ಲಿ ಆ ಕಾಯಿಲೆಗೂ ಎನ್‌ಇಕೆ1 ಎಂಬ ಜೀನಿಗೂ ಇರುವ ನಂಟು ಬೆಳಕಿಗೆ ಬಂತು. ತಲೆಯ ಮೇಲೆ ನೀರು ಸುರಿದುಕೊಂಡವರಲ್ಲಿ ಎಷ್ಟು ಜನಕ್ಕೆ ಕಾಯಿಲೆ ಅರ್ಥವಾಯಿತು ಎಂದು ಕೇಳುವವರಿಗೆ ಆ ಜೀನೇ ಉತ್ತರ. ಹಣ ಬೇಕು, ನಮಗೂ ಬೇಕು. ಆದರೆ ನಮ್ಮ ಕಾಯಿಲೆಯಲ್ಲಿ ನೋಡುಗ ಒಂದು ಪೈಸೆಯನ್ನೂ ಕೊಡದೆ ಒಂದು ಮಗುವಿನ ಬೆನ್ನನ್ನು ಉಳಿಸಬಲ್ಲ. ಅದಕ್ಕೆ ಜಾಗ ಕೊಡದ ವಿಡಿಯೊವನ್ನು ಜಾಗೃತಿ ವಿಡಿಯೊ ಎಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ.

ನಮ್ಮ ಎಡಿಟರ್ ಶೂಟಿಂಗ್ ದಿನವೇ, ಶಾಟ್ ಲಿಸ್ಟಿನಲ್ಲಿ ಇಲ್ಲದಿದ್ದರೂ, ವಿಡಿಯೊದಲ್ಲಿದ್ದ ಎಫ್‌ಒಪಿ ಇರುವ ಹುಡುಗನನ್ನೂ ಮನೆಯವರನ್ನೂ ಕೇಳಿ ಅವನ ಬರಿಗಾಲಿನ ಬಿ-ರೋಲ್, ಅಂದರೆ ನಡುನಡುವೆ ಸೇರಿಸುವ ಹೆಚ್ಚುವರಿ ದೃಶ್ಯ, ತೆಗೆದಿಟ್ಟಿದ್ದರು. ಮುಖವಿಲ್ಲ, ಎರಡು ಪಾದ, ಹಗಲು ಬೆಳಕು. ರಫ್ ಕಟ್‌ನಲ್ಲಿ ಅದನ್ನೇ ಮೊದಲಿಗೆ ಹಾಕಿ, ‘ಈ ಬೆರಳನ್ನು ನೋಡಿ’ ಎಂಬ ಒಂದೇ ಸಾಲಿನ ವಾಯ್ಸ್ ಓವರ್ ಕೊಟ್ಟೆವು. ಮೇಲಿನಿಂದ ಬಂದ ಆಕ್ಷೇಪ: ಪಾದ ನೋಡಿ ಜನ ಸ್ಕಿಪ್ ಮಾಡುತ್ತಾರೆ, ರಿಟೆನ್ಷನ್ ಬೀಳುತ್ತದೆ, ಲೋಗೊ ಎಲ್ಲಿ? ಕೊನೆಗೆ ಒಪ್ಪಂದವಾಯಿತು. ಪಾದ ಮೊದಲು, ಲೋಗೊ ಮೂಲೆಯಲ್ಲಿ, ದೇಣಿಗೆ ಎಂಡ್ ಸ್ಕ್ರೀನಿನಲ್ಲಿ.

ವಿಡಿಯೊ ಸಂಜೆ ಪಬ್ಲಿಶ್ ಆಯಿತು, ಕಾಮೆಂಟ್ ಡ್ಯೂಟಿ ನನಗೆ ಬಿತ್ತು. ನಮ್ಮ ಚಾನೆಲ್ಲಿಗೆ ಪವಾಡದ ಮದ್ದು ಮಾರುವವರ ಕಾಟ ವಿಪರೀತ. ಆಪರೇಷನ್ ಬೇಡ, ಬಯಾಪ್ಸಿ ಬೇಡ, ನಮ್ಮ ಪುಡಿ ಸಾಕು ಎಂದು ಬರೆದು ನಂಬರ್ ಹಾಕಿ ಹೋಗುತ್ತಾರೆ. ಅವರನ್ನು ತಡೆಯಲು ಬ್ಲಾಕ್ಡ್ ವರ್ಡ್ಸ್ ಪಟ್ಟಿಗೆ ಆಪರೇಷನ್, ಬಯಾಪ್ಸಿ, ಮದ್ದು, ಚಿಕಿತ್ಸೆ ಎಲ್ಲವನ್ನೂ ತುಂಬಲಾಗಿತ್ತು. ಅವುಗಳಲ್ಲಿ ಒಂದು ಪದವಿದ್ದರೂ ಕಾಮೆಂಟು ಯಾರಿಗೂ ಕಾಣದೆ, ಪರಿಶೀಲನೆಗೆಂದು ತಡೆಹಿಡಿದವುಗಳ ‘ಹೆಲ್ಡ್ ಫಾರ್ ರಿವ್ಯೂ’ ಟ್ಯಾಬ್ ಸೇರುತ್ತದೆ. ಆ ಟ್ಯಾಬನ್ನು ಮರುದಿನ ಬೆಳಿಗ್ಗೆ ತೆರೆದು ಸಾಲುಸಾಲಾಗಿ ಅಳಿಸುವುದು ನಮ್ಮ ರೂಢಿ.

ಅವತ್ತು ರಾತ್ರಿಯೇ ತೆರೆದೆ. ಪುಡಿ ಮಾರುವವರ ನಡುವೆ ಒಂದು ಕಾಮೆಂಟು ಸಿಕ್ಕಿಕೊಂಡಿತ್ತು. ಮಗಳ ಹೆಬ್ಬೆರಳೂ ಹೀಗೇ ಇದೆ, ಬೆನ್ನ ಮೇಲೆ ಗಂಟು ಎದ್ದಿದೆ, ನಾಳೆ ಬೆಳಿಗ್ಗೆ ಬಯಾಪ್ಸಿ, ಏನು ಮಾಡಲಿ? ಪ್ರೊಫೈಲ್ ಚಿತ್ರವಿಲ್ಲ, ಊರಿಲ್ಲ. ಅದು ಬಂದು ಒಂದು ಗಂಟೆಯ ಹತ್ತಿರವಾಗಿತ್ತು. ಬರೆದವರಿಗೆ ಖಾಸಗಿಯಾಗಿ ಸಂದೇಶ ಕಳಿಸುವ ದಾರಿ ನಮಗಿರಲಿಲ್ಲ. ಸಾರ್ವಜನಿಕವಾಗಿ ಉತ್ತರಿಸಬೇಕು, ಇಲ್ಲವೇ ಸುಮ್ಮನಿರಬೇಕು.

ನಿಯಮದ ಪ್ರಕಾರ ನಾವು ವೈದ್ಯಕೀಯ ಸಲಹೆ ಕೊಡುವಂತಿಲ್ಲ. ಫಾರ್ಮ್ ತುಂಬಿ ಸಲಹೆಗಾರ ವೈದ್ಯರಿಗೆ ಕಳಿಸಬೇಕು, ಅವರ ಉತ್ತರ ಬರುವುದು ಕೆಲಸದ ದಿನಗಳಲ್ಲಿ. ವೈದ್ಯರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮ್ಯಾನೇಜರ್ ಎತ್ತಿದರು, ಲೀಗಲ್‌ನವರನ್ನು ಕೇಳದೆ ಏನೂ ಬರೆಯಬೇಡ ಎಂದರು. ಅವರ ಭಯಕ್ಕೆ ಅರ್ಥವಿತ್ತು. ಬಾಗಿದ ಹೆಬ್ಬೆರಳೆಲ್ಲ ಎಫ್‌ಒಪಿ ಅಲ್ಲ. ಆ ಗಂಟು ನಿಜಕ್ಕೂ ಕ್ಯಾನ್ಸರೇ ಆಗಿದ್ದು, ನನ್ನ ಒಂದು ಸಾಲನ್ನು ನಂಬಿ ಅವರು ಬಯಾಪ್ಸಿ ಬಿಟ್ಟರೆ? ಅತ್ತ, ಎಫ್‌ಒಪಿಯೇ ಆಗಿದ್ದು ನಾನು ಫಾರ್ಮ್ ತುಂಬುತ್ತಾ ಕೂತರೆ? ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ. ‘ನಿಲ್ಲಿಸಿ’ ಎಂಬ ಪದ ಪ್ರತಿ ಸಲವೂ ಬೆರಳ ತುದಿಗೆ ಬರುತ್ತಿತ್ತು, ಅದನ್ನೇ ಪ್ರತಿ ಸಲವೂ ತೆಗೆಯುತ್ತಿದ್ದೆ.

ಕೊನೆಗೆ ಬರೆದದ್ದು ಇಷ್ಟು: ಏನನ್ನೂ ನೀವಾಗಿ ನಿರ್ಧರಿಸಬೇಡಿ. ಇವತ್ತು ರಾತ್ರಿಯೇ ಸರ್ಜನ್‌ಗೆ ಮಗುವಿನ ಎರಡೂ ಪಾದಗಳ ಫೋಟೊ ಕಳಿಸಿ, ‘ಎಫ್‌ಒಪಿ ಇರಬಹುದೇ ಎಂದು ಯೋಚಿಸಿದ್ದೀರಾ’ ಎಂದು ಕೇಳಿ. ಕೆಳಗೆ ಎಫ್‌ಒಪಿಯ ಅಂತರರಾಷ್ಟ್ರೀಯ ವೈದ್ಯರ ಮಂಡಳಿಯ ಮಾರ್ಗಸೂಚಿಯ ಲಿಂಕ್ ಹಾಕಿದೆ. ಅವರ ಕಾಮೆಂಟನ್ನು ಅಪ್ರೂವ್ ಮಾಡಿ, ನನ್ನ ಉತ್ತರ ಒತ್ತಿ, ಮ್ಯಾನೇಜರ್‌ಗೆ ತಿಳಿಸಿದೆ. ಆ ಕಡೆಯಿಂದ ಸದ್ದಿಲ್ಲ. ಪುಟವನ್ನು ರಿಫ್ರೆಶ್ ಮಾಡಿ ಮಾಡಿ ಕಣ್ಣು ಉರಿಯತೊಡಗಿತು. ವ್ಯೂಸ್ ಏರುತ್ತಲೇ ಇತ್ತು, ಆ ಸಂಖ್ಯೆಯ ಕಡೆ ನನ್ನ ಗಮನವೇ ಹೋಗಲಿಲ್ಲ.

ಸಲಹೆಗಾರ ವೈದ್ಯರು ವಾಪಸ್ ಫೋನ್ ಮಾಡಿದರು. ಓದಿ ಹೇಳಿದೆ. ಉತ್ತರ ಹಾಗೇ ಇರಲಿ, ಪಾದ ನೋಡುವವರೆಗೆ ಸ್ನಾಯುವಿಗೆ ಇಂಜೆಕ್ಷನ್ ಬೇಕೇ ಎಂದೂ ಸರ್ಜನ್ನರನ್ನೇ ಕೇಳಲು ಹೇಳು ಎಂದು ಸೇರಿಸಿದರು. ತಡರಾತ್ರಿ ಆ ಹೆಸರಿನಿಂದ ಉತ್ತರ ಬಂತು. ಸರ್ಜನ್ ಫೋಟೊ ನೋಡಿದ್ದಾರೆ, ಬೆಳಿಗ್ಗೆ ಮೊದಲು ಕಾಲಿನ ಎಕ್ಸ್‌ರೇ ತೆಗೆಸಿ ಆಮೇಲೆ ಮುಂದಿನದು ನೋಡೋಣ ಎಂದಿದ್ದಾರೆ. ಅಲ್ಲಿಂದಾಚೆಗಿನದು ನಮಗೆ ತಿಳಿಯದು, ಅದು ಆ ಕುಟುಂಬದ ವಿಷಯ. ಎಫ್‌ಒಪಿ ಆಗದಿರಲಿ ಎಂದು ಈಗಲೂ ಹಾರೈಸುತ್ತೇನೆ.

ರಿವ್ಯೂ ಮೀಟಿಂಗಿನ ಡೆಕ್‌ನಲ್ಲಿ ವಾಚ್ ಟೈಮ್, ಕಂಡವರಲ್ಲಿ ಎಷ್ಟು ಮಂದಿ ಕ್ಲಿಕ್ ಮಾಡಿದರು, ಕ್ಲಿಕ್ಕಿಗೆ ಎಷ್ಟು ದೇಣಿಗೆ ಎಲ್ಲ ಇತ್ತು. ಈ ಕಾಮೆಂಟಿಗೆ ಯಾವ ಕಾಲಮ್ಮೂ ಇರಲಿಲ್ಲ. ಸ್ಕ್ರೀನ್‌ಶಾಟನ್ನು, ಹೆಸರು ಮುಚ್ಚಿ, ಕೊನೆಯ ಸ್ಲೈಡಾಗಿ ನಾನೇ ಸೇರಿಸಿದೆ. ಅಳುವ ಮುಖದ ವಿಡಿಯೊಗೂ ವ್ಯೂಸ್ ಬರುತ್ತಿತ್ತು ಎಂದು ಯಾರೋ ಅಂದರು. ಖಂಡಿತ ಬರುತ್ತಿತ್ತು. ಆದರೆ ಆ ಕಾಮೆಂಟು ಬರೆದವರು ತಮ್ಮ ಮಗಳ ಕಾಲನ್ನು ನೋಡುತ್ತಿರಲಿಲ್ಲ ಎಂದೆ.

ಒಂದಷ್ಟು ಬದಲಾಗಿದೆ. ಬಯಾಪ್ಸಿ ಮಾಡಿಸುವ ಮುನ್ನ ಏನು ಕೇಳಬೇಕು ಎಂಬುದು ವೈದ್ಯರು ಒಪ್ಪಿದ ಮಾತಿನಲ್ಲಿ ಈಗ ಪಿನ್ ಕಾಮೆಂಟಿನಲ್ಲಿದೆ, ಡಿಸ್ಕ್ರಿಪ್ಷನ್‌ನ ಮೊದಲ ಸಾಲಿನಲ್ಲೂ ಇದೆ. ಸಬ್‌ಟೈಟಲ್ ಕೈಯಿಂದಲೇ ಮಾಡುತ್ತೇವೆ, ಆಟೊ ಕ್ಯಾಪ್ಷನ್ ಕಾಯಿಲೆಯ ಹೆಸರನ್ನು ಕೆಡಿಸಿದರೆ ಆ ಹೆಸರು ಹುಡುಕುವವರಿಗೆ ದಾರಿ ತಪ್ಪುತ್ತದೆ. ಹೆರಿಗೆ ವಾರ್ಡಿನ ನರ್ಸ್‌ಗಳಿಗಾಗಿಯೇ ಪಾದವೊಂದನ್ನೇ ತೋರಿಸುವ ಶಾರ್ಟ್ಸ್ ತಯಾರಾಗುತ್ತಿದೆ, ಹೊಸ ಮಗುವಿನ ಬೆರಳುಗಳನ್ನು ಮೊದಲು ಕಾಣುವವರು ಅವರೇ ತಾನೆ.

ಹೆಲ್ಡ್ ಟ್ಯಾಬ್ ನೋಡಲು ಪಾಳಿಯನ್ನು ಮಂಜೂರು ಮಾಡಿದ್ದು ಮಾತ್ರ ಬಿಡುಗಡೆಯ ದಿನಕ್ಕೆ. ಇಂಥ ವಿಡಿಯೊ ಹುಡುಕಾಟದಲ್ಲಿ ಸಿಗುತ್ತಾ ಹೋಗುವುದು ತಿಂಗಳುಗಟ್ಟಲೆ, ಗಂಟು ಎದ್ದ ಮನೆಯವರು ಫೆಬ್ರವರಿಗೆ ಕಾಯುವುದಿಲ್ಲ. ವರ್ಷಪೂರ್ತಿ ಪಾಳಿ ಬೇಕೆಂದು ಬರೆದುಕೊಟ್ಟಿದ್ದೇನೆ, ಬಜೆಟ್ ನೋಡೋಣ ಎಂದಿದ್ದಾರೆ. ಸದ್ಯಕ್ಕೆ ಎಡಿಟರ್ ಬೆಳಿಗ್ಗೆ ನೋಡುತ್ತಾರೆ, ರಾತ್ರಿ ನಾನು.